ನೀನು ಎನ್ನಬಾರದ ಊರು

ಲಾ ಪ್ಲಾಟಾ, ೧೧ ಏಪ್ರಿಲ್ ೧೯೭೭

ಮಾನ್ಯ ಸೆನ್ಯೋರಾ ಎರ್ಮಿನಿಯಾ ಗಾಂದುಲ್ಫೊ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ನನ್ನ ಹೆಸರು ಇರೆನೆ ತಬೋರ್ದಾ. ಕಳೆದ ವರ್ಷ ಸಾಹಿತ್ಯದಲ್ಲಿ ಪದವಿ ಮುಗಿಸಿದೆ. ಈಗ ರಜೆ ಹಾಕಿದ ಶಿಕ್ಷಕಿಯರ ಬದಲಿಗೆ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಪರಾನಾದ ಟೆಲಿಫೋನ್ ನೌಕರರ ಸಂಘದವರು ನಿಮ್ಮ ವಿಳಾಸದ ಜೊತೆ ಫೋನ್ ನಂಬರನ್ನೂ ಕೊಟ್ಟರು. ಆದರೆ ಗೊತ್ತಿಲ್ಲದವರ ಜೊತೆ ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಕಾದಂಬರಿ 'ಮರ್ಯಾದೆಯ ಊರು' ನನಗೆ ಸಿಕ್ಕಿದ್ದು ಹಳೆ ಪುಸ್ತಕದಂಗಡಿಯ ಅಡುಗೆ ಪುಸ್ತಕಗಳ ನಡುವೆ. ಹೆಸರು ನೋಡಿ ಅಂಗಡಿಯವನು ಅದನ್ನು ಅತಿಥಿ ಸತ್ಕಾರದ ಕೈಪಿಡಿ ಎಂದುಕೊಂಡಿದ್ದ. ಎಲ್ಲರೂ ಎಲ್ಲರನ್ನೂ 'ನೀವು' ಎಂದೇ ಕರೆಯಬೇಕಾದ ಆ ಊರು, ಗೋಡೆಗೆ ಕಿವಿಯಿಟ್ಟು ಕೂತ ಸರ್ಕಾರದ ಮಂದಿ, ಹೆತ್ತ ಮಗುವನ್ನು 'ನೀನು' ಎಂದ ತಪ್ಪಿಗೆ ಕಾಣೆಯಾಗುವ ತಾಯಂದಿರು, ಎಲ್ಲವೂ ನನ್ನ ತಲೆಯೊಳಗೆ ಮನೆ ಮಾಡಿವೆ. ಕೊನೆಯಲ್ಲಿ ಆ ಟೆಲಿಫೋನ್ ಹುಡುಗಿ ಸೆರೆಮನೆಯ ಕಾವಲುಗಾರನನ್ನು ಏಕವಚನದಲ್ಲಿ ಕೂಗಿ, ನಿನ್ನಮ್ಮ ನಿನ್ನನ್ನು ಏನೆಂದು ಕರೆಯುತ್ತಿದ್ದಳು ಎಂದು ಕೇಳುತ್ತಾಳಲ್ಲ, ಆ ಪುಟದಿಂದ ನಾನಿನ್ನೂ ಹೊರಬಂದಿಲ್ಲ.

ನನ್ನ ಅಣ್ಣ ತುಲಿಯೊ 'ಉಪ್ಪಿನ ದೋಣಿ' ಎಂಬ ರಾಕ್ ತಂಡ ಕಟ್ಟಿದ್ದಾನೆ. ಅವರದು ಕುಣಿಯುವ ಹಾಡುಗಳಲ್ಲ. ಇಡೀ ರೆಕಾರ್ಡಿಗೆ ಒಂದೇ ಕಥೆ, ಮೊದಲ ಬದಿ ಪೂರ್ತಿ ಒಂದೇ ಹಾಡು. ಆ ಕಥೆ ನಿಮ್ಮ ಕಾದಂಬರಿಯಾಗಲಿ ಎಂದು ಆಸೆ. ಹಾಡುಗಳನ್ನು ನಾನು ಬರೆದಿದ್ದೇನೆ. ಇದುವರೆಗೆ ನಾನು ಬರೆದು ಮುಗಿಸಿರುವುದು ಇದೊಂದೇ. ಕೊನೆಯ ಹಾಡನ್ನು ಲಗತ್ತಿಸಿದ್ದೇನೆ. ದಯವಿಟ್ಟು ಅನುಮತಿ ಕೊಡಿ.

ಗೌರವದಿಂದ,
ಇರೆನೆ ತಬೋರ್ದಾ


ಪರಾನಾ, ೨ ಮೇ ೧೯೭೭

ಸೆನ್ಯೋರಿತಾ ತಬೋರ್ದಾ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹಾಡನ್ನು ಒಂದೇ ಸಲ, ಅದೂ ಅರ್ಧಕ್ಕೆ ನಿಲ್ಲಿಸಿದೆ. ಡೋಲು ಬಡಿಯುವವರಿಗೆ ಕಥೆ ಯಾಕೆ ಬೇಕು ಎಂಬುದು ನನಗೆ ತಿಳಿಯದು, ಅದು ಹಾಗಿರಲಿ. ನಿಮ್ಮ ಹಾಡಿನಲ್ಲಿ ನನ್ನ ಹುಡುಗಿ ಕಾವಲುಗಾರನಿಗೆ 'ನೀನು' ಎನ್ನುವಾಗ 'ತು' ಎನ್ನುತ್ತಾಳೆ. ಶಾಲೆಯ ಪದ್ಯಗಳಲ್ಲಿ, ದೇವರ ಪ್ರಾರ್ಥನೆಯಲ್ಲಿ, ಮೆಕ್ಸಿಕೋದಲ್ಲಿ ಡಬ್ ಮಾಡಿದ ಟೀವಿ ಧಾರಾವಾಹಿಗಳಲ್ಲಿ ಬರುವ ಆ 'ತು'! ನಿಮ್ಮಮ್ಮ ನಿಮ್ಮನ್ನು ಊಟಕ್ಕೆ ಕೂಗುವಾಗ 'ತು' ಎನ್ನುತ್ತಾಳೆಯೇ? ಜಗಳದಲ್ಲಿ, ಹಾಸಿಗೆಯಲ್ಲಿ, ಸಾವಿನ ಮನೆಯಲ್ಲಿ ಈ ದೇಶದಲ್ಲಿ ಯಾರಾದರೂ 'ತು' ಎಂದಿದ್ದನ್ನು ಕೇಳಿದ್ದೀರಾ? ನಮ್ಮ ಬಾಯಿಯ 'ನೀನು' ಎಂದರೆ 'ವೋಸ್'. ಅದೊಂದೇ.

ಪುಸ್ತಕದಲ್ಲೇ ಹಾಗಿದೆಯಲ್ಲ ಎನ್ನುತ್ತೀರಿ. ಹೌದು, ಇದೆ. ಹೇಗೆ ಬಂತು ಎಂದು ಕೇಳಿ. ೧೯೫೧ರಲ್ಲಿ ಅಚ್ಚುಕೂಟದಲ್ಲಿ ದೋನ್ ಸತುರ್ನಿನೊ ಎಂಬ ಕರಡು ತಿದ್ದುವವನಿದ್ದ. ರೇಡಿಯೋದವರು ತಂಗೋ ಹಾಡುಗಳಿಂದಲೂ 'ವೋಸ್' ತೆಗೆಸುತ್ತಿದ್ದ ಕಾಲ ಆಗಷ್ಟೇ ಮುಗಿದಿತ್ತು. ಅವನ ತಲೆಯಲ್ಲಿ ಮುಗಿದಿರಲಿಲ್ಲ. ಪ್ರತಿಗಳು ಬೈಂಡಾಗಿ ಬಂದ ದಿನ ಕೈ ಒರೆಸಿಕೊಳ್ಳುತ್ತ ಬಂದ.

"ಸೆನ್ಯೋರಿತಾ, ಕಥೆ ಚೆನ್ನಾಗಿದೆ. ಆದ್ರೆ ಮೈತುಂಬ ತಪ್ಪು. ಒಂದೂ ಬಿಡ್ದೆ ತಿದ್ದಿದೀನಿ."

"ಏನ್ ತಪ್ಪು?"

"ಎಲ್ ನೋಡಿದ್ರೂ 'ವೋಸ್'! ಸಂತೆ ಮಾತು ಅದು. ಓದಿದ ಜನ ನಿಮ್ಮನ್ನ ಏನಂದ್ಕೋತಾರೆ? ಎಲ್ಲಾನೂ 'ತು' ಮಾಡಿದೀನಿ. ನಿಮ್ ಒಳ್ಳೇದಕ್ಕೇ. ಥ್ಯಾಂಕ್ಸ್ ಎಲ್ಲ ಬೇಡ ಬಿಡಿ."

ಒಂದು ಪದವನ್ನು ಊರಿನಿಂದ ಓಡಿಸಿದ ಕಥೆ ನಾನು ಬರೆದದ್ದು. ಅವನು ಆ ಪದವನ್ನು ಪುಸ್ತಕದಿಂದಲೇ ಓಡಿಸಿದ್ದ. ಬಂದ ಒಂದೇ ಒಂದು ವಿಮರ್ಶೆಯಲ್ಲಿ 'ಭಾಷೆ ಶುದ್ಧವಾಗಿದೆ' ಎಂದಿತ್ತು. ಅಂದಿನಿಂದ ನಾನು ಒಂದಕ್ಷರ ಬರೆದಿಲ್ಲ. ಟೆಲಿಫೋನ್ ಕಚೇರಿಯಲ್ಲಿ ಕೂತು ಊರಿನವರನ್ನೆಲ್ಲ 'ನೀವು, ನೀವು' ಎನ್ನುತ್ತ ನಿವೃತ್ತಳಾದೆ.

ಸಾಹಿತ್ಯ ಓದಿದವಳು ನೀನು. ಓದುವಾಗ ಒಂದು ಕ್ಷಣವಾದರೂ ಬಾಯಿಗೆ ಒಡ್ಡೊಡ್ಡಾಗಿ ತಾಗಲಿಲ್ಲವೇ? ಹೌದು, ಇಲ್ಲಿಂದ ನಿನ್ನನ್ನು ನೀನು ಎನ್ನುತ್ತೇನೆ. ಪ್ರೀತಿಯಿಂದಲ್ಲ.

ಅನುಮತಿ ಇಲ್ಲ.

ಎರ್ಮಿನಿಯಾ ಗಾಂದುಲ್ಫೊ


ಲಾ ಪ್ಲಾಟಾ, ೨೦ ಜೂನ್ ೧೯೭೭

ದೊನ್ಯಾ ಎರ್ಮಿನಿಯಾ,

ತಾಗಿತ್ತು. ಪುಸ್ತಕದಲ್ಲಿ ಹೀಗೇ ಬರೆಯುವುದು ಎಂದು ಸುಮ್ಮನಾದೆ. ಹಾಗೆ ಸುಮ್ಮನಾಗುವುದನ್ನೇ ನಮಗೆ ಐದು ವರ್ಷ ಕಲಿಸಿದ್ದು. ಆದರೆ ನಿಮ್ಮ ಮೇಲೆ ನನಗೂ ಸಿಟ್ಟಿದೆ. ಒಂದು ಸ್ವರವನ್ನೂ ಕೇಳದೆ ನನ್ನ ಅಣ್ಣನನ್ನು ಡೋಲು ಬಡಿಯುವವನು ಎಂದಿರಿ. ದೋನ್ ಸತುರ್ನಿನೊ ಕಡೇಪಕ್ಷ ಓದಿ ಕೆಡಿಸಿದ.

ಹಾಡುಗಳನ್ನೆಲ್ಲ 'ವೋಸ್'ಗೆ ತಿರುಗಿಸಿ ಬರೆದೆ. ನಿಮಗೆ ಗೊತ್ತೇ ಇರುತ್ತದೆ, ಪದ ಬದಲಾದರೆ ಕ್ರಿಯಾಪದದ ಬೆನ್ನುಮೂಳೆಯೇ ಬದಲಾಗುತ್ತದೆ. 'ತು' ಜೊತೆ ಒತ್ತು ಹಿಂದಿನ ಅಕ್ಷರದ ಮೇಲೆಯೇ ಬಿದ್ದು ಹೋಗುತ್ತದೆ. 'ವೋಸ್' ಜೊತೆ ಕೊನೆಯ ಅಕ್ಷರದ ಮೇಲೆ ಬೀಳುತ್ತದೆ. ಕೊನೆಯ ಹಾಡು ಏಳು ಮಾತ್ರೆಯ ತಾಳದ್ದು. ಏಳನೆಯದರ ಮೇಲೆ ದೊಡ್ಡ ಡ್ರಮ್ಮಿನ ಪೆಟ್ಟು. ತಿಂಗಳುಗಟ್ಟಲೆ ಅದು ಕೂಡದೆ ಎಲ್ಲರೂ ಡ್ರಮ್ ಹುಡುಗ ಗೊರ್ದೊನನ್ನು ಬಯ್ಯುತ್ತಿದ್ದರು. ದಪ್ಪಗಿದ್ದಾನೆ, ಏನಂದರೂ ನಗುತ್ತಾನೆ ಎಂಬ ಧೈರ್ಯ. ಹೊಸ ಸಾಲು ಕೊಟ್ಟೆ. ಒಂದೇ ಸಲಕ್ಕೆ ಪೆಟ್ಟೂ ಅಕ್ಷರವೂ ಒಟ್ಟಿಗೆ ಬಿದ್ದವು. ಅವನು ಕೋಲು ಕೆಳಗಿಟ್ಟ.

"ಏ ಕಡ್ಡಿ, ಇದನ್ನ ಮೊದ್ಲೇ ಕೊಡಕ್ಕೆ ಏನಾಗಿತ್ತೇ ನಿಂಗೆ? ನನ್ ಕೈಯೇ ಸರಿಯಿಲ್ಲ ಅಂತ ಅಮ್ಮ ಎಣ್ಣೆ ಬೇರೆ ಹಚ್ಚಿದ್ಲು!"

"ತಪ್ಪಾಗಿತ್ತು ಕಣೋ."

"ಯಾರದು?"

"ಅಚ್ಚುಕೂಟದ್ದು."

ಎಲ್ಲರೂ ನಕ್ಕರು. ತುಲಿಯೊ ಮಾತ್ರ ನಗಲಿಲ್ಲ. "ಚೆನ್ನಾಗಿದೆ" ಎಂದ. ಮತ್ತೆ ನುಡಿಸುವ ಮೊದಲು ಎದ್ದು ಹೋಗಿ ಗ್ಯಾರೇಜಿನ ಬಾಗಿಲನ್ನು ಪೂರ್ತಿ ಎಳೆದ. ನೆರೆಮನೆಯವರು ಗಲಾಟೆ ಮಾಡುತ್ತಾರೆ ಅಂತಿರಬೇಕು.

ಹೊಸ ಹಾಡುಗಳನ್ನು ಕಳಿಸಿದ್ದೇನೆ. ಅರ್ಧಕ್ಕೆ ನಿಲ್ಲಿಸಬೇಡಿ.

ಇರೆನೆ


ಪರಾನಾ, ೯ ಜುಲೈ ೧೯೭೭

ಇರೆನೆ,

ಕೊನೆಯವರೆಗೂ ಓದಿದೆ. ಎರಡನೆಯ ಹಾಡಿನ ಅಲಂಕಾರಗಳನ್ನು ಕಿತ್ತು ಬಿಸಾಡು. ಬೇರೇನೂ ಹೇಳುವುದಿಲ್ಲ. ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ ಎಂಬುದನ್ನೂ ಹೇಳಬೇಕಿರಲಿಲ್ಲ.

ಅನುಮತಿ ಬಾಯಿಮಾತಿಗೆ ಇದೆ. ಕಾಗದದ ಮೇಲಿನ ಸಹಿ ರೆಕಾರ್ಡು ಮುಗಿದ ಮೇಲೆ, ಕೇಳಿದ ಮೇಲೆ. ಒಂದು ಸಲ ನೋಡದೆ ನಂಬಿ ಕೆಟ್ಟಿದ್ದೇನೆ.

ಎ. ಗಾಂದುಲ್ಫೊ


ಲಾ ಪ್ಲಾಟಾ, ೧೭ ಅಕ್ಟೋಬರ್ ೧೯೭೭

ದೊನ್ಯಾ ಎರ್ಮಿನಿಯಾ,

ಸಹಿ ಹಾಕಬೇಡಿ.

ಧ್ವನಿಮುದ್ರಣಕ್ಕೆ ನಾನು ಬರುವುದು ಬೇಡ ಎಂದಿದ್ದ ತುಲಿಯೊ. ಜಾಗ ಚಿಕ್ಕದು ಎಂದ, ನಂಬಿದೆ. ನಿನ್ನೆ ಅವನಿಲ್ಲದಾಗ ಕೋಣೆಯಲ್ಲಿದ್ದ ಕ್ಯಾಸೆಟ್ ಹಾಕಿ ಕೇಳಿದೆ. ಕೊನೆಯ ಹಾಡಿನಲ್ಲಿ ಅವನು 'ತು' ಎಂದು ಹಾಡಿದ್ದಾನೆ. ಏಳನೆಯ ಪೆಟ್ಟು ಖಾಲಿ ಜಾಗದ ಮೇಲೆ ಬೀಳುತ್ತದೆ. ಗೊರ್ದೊ ಬೇಕೆಂದೇ ಜೋರಾಗಿ ಹೊಡೆದಿದ್ದಾನೆ, ಅವನಿಗಾದರೂ ನಾಚಿಕೆ ಇದೆ.

ಭಾನುವಾರದ ಊಟಕ್ಕೆ ಎಲ್ಲರೂ ಕೂತಿದ್ದಾಗ ಕೇಳಿದೆ.

"'ತು' ಅಂತ ಹಾಡಿದೀಯ."

"ಹೂಂ."

"ಯಾರ್ ಹೇಳಿದ್ದು?"

"ರೆಕಾರ್ಡ್ ಕಂಪನಿಯೋರು. ಮೆಕ್ಸಿಕೋದಲ್ಲೂ ಮಾರ್ಬೇಕಂತೆ. ರವಿಯೊಲಿ ಆರ್ತಾ ಇದೆ, ತಿನ್ನು."

"ಯಾಕೆ, ಮೆಕ್ಸಿಕೋದೋರು ಕಿವುಡ್ರಾ?"

"ಊಟದ ಹೊತ್ತಲ್ಲಿ ಮೆಕ್ಸಿಕೋ ಬೇಡ" ಎಂದರು ಅಮ್ಮ.

"ನಾಚಿಕೆ ಆಗಲ್ವಾ ನಿಂಗೆ? ಆ ಒಂದು ಪದಕ್ಕೇ ಅಲ್ವೇನೋ ಇಡೀ ರೆಕಾರ್ಡು ಇರೋದು?"

"ಇರೆನೆ, ನಿಂಗೆ ಏನೂ ಗೊತ್ತಿಲ್ಲ."

"ಗೊತ್ತಿರೋನು ಹೇಳು ಮತ್ತೆ!"

ಅವನು ಬಾಯಿ ತೆರೆದ. ಅಮ್ಮನ ಕಡೆ ನೋಡಿದ. "ಉಪ್ಪೆಲ್ಲಿ?" ಎಂದ. ಉಪ್ಪು ಅವನ ಮುಂದೆಯೇ ಇತ್ತು.

ನಾನು ಹೆಚ್ಚು ಮಾತಾಡುವವಳಲ್ಲ, ದೊನ್ಯಾ ಎರ್ಮಿನಿಯಾ. ತರಗತಿಯಲ್ಲೂ ಕೊನೆಯ ಬೆಂಚು. ಆದರೆ ನಿನ್ನೆ ತಟ್ಟೆಯನ್ನು ಗೋಡೆಗೆ ಎಸೆದೆ. ಸಾಸು ಇನ್ನೂ ಗೋಡೆಯ ಮೇಲಿದೆ, ಯಾರೂ ಒರೆಸಿಲ್ಲ. ಮೆಕ್ಸಿಕೋಗೆ ಮಾರಿಕೊಂಡವನ ಜೊತೆ ಒಂದೇ ಮನೆಯಲ್ಲಿದ್ದೇನೆ. ನಿಮ್ಮ ಸಹಿ ಇಲ್ಲದೆ ಅವರು ರೆಕಾರ್ಡು ತರುವಂತಿಲ್ಲ. ಕೊಡಬೇಡಿ.

ಇರೆನೆ


ಪರಾನಾ, ೨ ನವೆಂಬರ್ ೧೯೭೭

ಇರೆನೆ,

ಕಂಪನಿಯವನ ಕಾಗದವೂ ಬಂದಿದೆ. 'ತಮ್ಮ ಅಮೂಲ್ಯ ಸಹಿಗಾಗಿ ಕಾದಿದ್ದೇವೆ.' ಕಾಯಲಿ. ಇಲ್ಲ ಎಂದು ಅಂಚೆಯಲ್ಲಿ ಹೇಳಿದರೆ ನನಗೆ ತೃಪ್ತಿಯಾಗುವುದಿಲ್ಲ. ಮಂಡಿ ನೋವಿದ್ದರೂ ಬಸ್ಸು ಹತ್ತಿ ಬ್ಯುನೋಸ್ ಐರಿಸ್‌ಗೆ ಬರುತ್ತೇನೆ. ಮುಖದ ಮೇಲೆ ಹೇಳಿ ಹೋಗುತ್ತೇನೆ, ನಿನ್ನ ಅಣ್ಣನಿಗೂ ಸೇರಿಸಿ. ನೀನು ಸ್ಟುಡಿಯೋಗೆ ಬರಬೇಡ. ಅಳುವವರು ಪಕ್ಕದಲ್ಲಿದ್ದರೆ ನನ್ನ ಸಿಟ್ಟು ಇಳಿದುಬಿಡುತ್ತದೆ.

ಎ. ಗಾಂದುಲ್ಫೊ


ಬ್ಯುನೋಸ್ ಐರಿಸ್, ಬಸ್ ನಿಲ್ದಾಣ, ೩ ಡಿಸೆಂಬರ್ ೧೯೭೭

ಇರೆನೆ,

ಇದನ್ನು ನಿನ್ನ ಅಣ್ಣನ ಕೈಯಲ್ಲೇ ಕೊಟ್ಟು ಹೋಗುತ್ತೇನೆ. ಅಂಚೆಗೆ ಹಾಕುವಂಥದ್ದಲ್ಲ.

ಗಾಜಿನ ಈಚೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಬದುಕಿಡೀ ಅದೇ ಭಾರ ಹೊತ್ತ ತಲೆ, ಹೊಸದೇನಲ್ಲ. ಮೊದಲ ಬದಿ ಶುರುವಾಯಿತು. ಎಕ್ಸ್‌ಚೇಂಜಿನಲ್ಲಿ ಬಿರುಗಾಳಿಯ ದಿನ ಎಲ್ಲ ಲೈನುಗಳೂ ಒಟ್ಟಿಗೆ ತೆರೆದುಕೊಂಡು, ಊರಿನ ಅಷ್ಟೂ ಮನೆಗಳ ಮಾತು ಒಂದರ ಮೇಲೊಂದು ಬಿದ್ದು ಕಿವಿಗೆ ನುಗ್ಗುತ್ತಿತ್ತು. ನಿಮ್ಮ ಆರ್ಗನ್ ಹುಡುಗ ಅದನ್ನು ಕೇಳಿಯೇ ಇರಲಿಕ್ಕಿಲ್ಲ, ಆದರೂ ನುಡಿಸಿದ್ದಾನೆ. ನನಗೆ ಇಷ್ಟವಾಯಿತು. ಅದರಿಂದ ಸಿಟ್ಟು ಇನ್ನೂ ಏರಿತು. ಯಾಕೆಂದರೆ ಕೊನೆಯ ಹಾಡು ಬಂತು, 'ತು' ಬಂತು. ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದೆ.

"ಏನಯ್ಯಾ, ನಾಲಿಗೆ ಎಷ್ಟಕ್ಕೆ ಮಾರ್ಕೊಂಡೆ?"

ತುಲಿಯೊ ಗೊರ್ದೊನ ಕಡೆ ತಿರುಗಿದ. "ಹೋಗಿ ಸಿಗರೇಟ್ ತಗೊಂಬಾ."

"ನಾನು ಸೇದಲ್ಲ" ಎಂದ ಗೊರ್ದೊ.

"ಇವತ್ತಿಂದ ಸೇದು. ಹೋಗು."

ಅವನು ಹೋದ ಮೇಲೆ ಬಾಗಿಲು ಹಾಕಿ ಹೇಳಿದ.

"ಸೆನ್ಯೋರಾ, ನೀವು ಸಂಜೆ ಬಸ್ಸಿಗೆ ಪರಾನಾಗೆ ಹೊರಟ್ಹೋಗ್ತೀರಿ. ನನ್ ತಂಗಿ ಇಲ್ಲೇ ಇರ್ತಾಳೆ."

"ಅಂದ್ರೆ?"

"ಹಾಡಿನ ಹಾಳೆಗಳು ಮೊದ್ಲು ಮಿಲಿಟ್ರಿ ಸರ್ಕಾರದ ಒಂದು ಆಫೀಸಿಗೆ ಹೋಗ್ತವೆ. ಅಲ್ಲಿ ಯಾರೋ ಕೊನೇ ಹಾಡಿಗೆ ಸುತ್ತು ಹಾಕಿದಾನೆ. ರಾಗದ್ ಬಗ್ಗೆ ಕೇಳ್ಲಿಲ್ಲ. ಕಾವಲುಗಾರ ಅಂದ್ರೆ ಯಾರು ಅಂತ ಕೇಳಿದ. ಇದನ್ ಬರೆದ ಹುಡುಗಿ ಎಲ್ಲಿ ಓದಿದ್ದು, ಯಾರ್ ಜೊತೆ ಓದಿದ್ದು ಅಂತ ಕೇಳಿದ. 'ತು' ಅಂದ್ರೆ ಏನೋ ರಾಜಕುಮಾರಿ ಕಥೆ ಥರ ಕೇಳ್ಸತ್ತೆ. 'ವೋಸ್' ಅಂದ್ರೆ ಇಲ್ಲೇ, ಈ ಬೀದೀಲಿ, ಇವತ್ತು ನಡೀತಿರೋದು ಅಂತ ಗೊತ್ತಾಗತ್ತೆ. ಅರ್ಥ ಆಯ್ತಾ ನಿಮ್ಗೆ?"

ಅರ್ಥವಾಯಿತು. ಮೆಕ್ಸಿಕೋ ಎಂಬುದು ಇರಲೇ ಇಲ್ಲ, ಇರೆನೆ. ನಿಮ್ಮಮ್ಮನ ಮುಂದೆ ಹೇಳಲಾಗದ್ದಕ್ಕೆ ಅವನಿಟ್ಟ ಹೆಸರು ಅದು. ನಿನ್ನ ತರಗತಿಯ ಫೋಟೋದಲ್ಲಿದ್ದವರಲ್ಲಿ ಈಗ ಯಾರು ಯಾರು ಮನೆಯಲ್ಲಿಲ್ಲ ಎಂಬುದನ್ನೂ ಅವನೇ ಹೇಳಿದ. ಇಷ್ಟು ಪತ್ರಗಳಲ್ಲಿ ನೀನು ಅದನ್ನು ನನಗೆ ಒಮ್ಮೆಯೂ ಬರೆದಿರಲಿಲ್ಲ.

ಹಾಗಾಗಿ ತೀರ್ಮಾನ ಮಾಡಿದ್ದೇನೆ. ನಿನ್ನನ್ನು ಕೇಳಿಲ್ಲ. ಹಾಡುಗಳನ್ನು ಬರೆದವಳು ನಾನು. ಕಂಪನಿಯವನಿಗೆ ಖುಷಿಯೋ ಖುಷಿ: "ಮುದುಕಿ ಬರೆದದ್ದು ಅಂದ್ರೆ ಯಾರ್ ತಲೆ ಕೆಡಿಸ್ಕೋತಾರೆ? ಪೇಪರಿನೋರು ಫೋಟೋ ಹಾಕ್ತಾರೆ!" ಹಳೆಯ ಹಾಳೆಯಲ್ಲಿದ್ದ ನಿನ್ನ ಹೆಸರು ಬೆರಳಚ್ಚು ಮಾಡಿದವಳದು ಎಂದು ಹೇಳಲಾಗಿದೆ. ನಿನ್ನ ಹೆಸರು ಎಲ್ಲೂ ಇರುವುದಿಲ್ಲ ಎಂದ ಮೇಲೆ ನಿನ್ನ ಅಣ್ಣ ಮೈಕಿನ ಮುಂದೆ ಹೋಗಿ ನಿಂತ. ಕೊನೆಯ ಹಾಡನ್ನು 'ವೋಸ್' ಎಂದೇ ಹಾಡಿದ. ನಾನು ಸಹಿ ಹಾಕಿದೆ.

ಗೋಡೆ ಒರೆಸು.

ಎರ್ಮಿನಿಯಾ


ಲಾ ಪ್ಲಾಟಾ, ೧೪ ಜನವರಿ ೧೯೭೮

ದೊನ್ಯಾ ಎರ್ಮಿನಿಯಾ,

ಇದನ್ನು ಗೊರ್ದೊ ತಂದುಕೊಡುತ್ತಾನೆ. ಅವನ ಚಿಕ್ಕಮ್ಮ ನಿಮ್ಮೂರಿನವರು.

ಒಂದು ತಿಂಗಳು ಸುಮ್ಮನಿದ್ದೆ. ಕೃತಜ್ಞತೆ ಬರಬಹುದು ಎಂದು ಕಾದೆ, ಬರಲಿಲ್ಲ. ಬೆರಳಚ್ಚು ಮಾಡಿದವಳು! ದೋನ್ ಸತುರ್ನಿನೊ ನಿಮ್ಮ ಪದ ತಿದ್ದಿದ. ನೀವು ನನ್ನನ್ನೇ ತಿದ್ದಿದಿರಿ. ಅವನೂ ಒಳ್ಳೆಯದಕ್ಕೇ ಎಂದಿದ್ದ, ಅವನೂ ಕೇಳಿರಲಿಲ್ಲ. ಆ ಗಾಯವನ್ನು ಇಪ್ಪತ್ತಾರು ವರ್ಷ ಕೆರೆದುಕೊಂಡು ಕೂತ ನಿಮಗೆ, ಇನ್ನೊಬ್ಬಳಿಗೆ ಅದೇ ಗಾಯ ಮಾಡಲು ಒಂದು ಮಧ್ಯಾಹ್ನ ಸಾಕಾಯಿತು.

ಫೋಟೋದ ಬಗ್ಗೆ ಬರೆಯಲಿಲ್ಲ ಎಂದಿರಿ. ಹೇಗೆ ಬರೆಯಲಿ? ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ದೆಲಿಯಾ. ನನ್ನ ಬದಲಿಗೆ ತರಗತಿಯಲ್ಲಿ ಕೈ ಎತ್ತಿ, ಇರೆನೆಗೆ ಏನೋ ಹೇಳಬೇಕಂತೆ ಸರ್ ಎಂದು ಕೂಗಿ ನನ್ನನ್ನು ಸಾಯಿಸುತ್ತಿದ್ದವಳು. ನಿಮ್ಮ ಪುಸ್ತಕ ಸಿಕ್ಕ ಅಂಗಡಿಗೆ ಕರೆದುಕೊಂಡು ಹೋದವಳೂ ಅವಳೇ. ಅವಳ ಮನೆಗೆ ಹೋದರೆ ಅವಳಮ್ಮ ಬಾಗಿಲು ಅರ್ಧ ತೆರೆದು, "ಅವ್ಳು ಊರಲ್ಲಿಲ್ಲ, ನೀವು ಬರ್ಬೇಡಿ" ಎಂದರು. ಮೊದಲ ದಿನದಿಂದಲೂ ನನ್ನನ್ನು ನೀನು ಎಂದವರು, 'ನೀವು' ಎಂದರು.

ನಾನು ಆ ಹಾಡುಗಳನ್ನು ಬರೆದದ್ದು ಒಬ್ಬಳಾದರೂ ತನ್ನ ಹೆಸರು ಹಾಕಿ ಒಂದು ಮಾತು ಹೇಳಿದಳು ಎಂದಾಗಲಿ ಎಂದು. ಆ ಒಬ್ಬಳು ನಾನಾಗಬೇಕಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ಕೈ ಎತ್ತಿದ್ದೆ. ನೀವು, ತುಲಿಯೊ ಇಬ್ಬರೂ ಸೇರಿ ಆ ಕೈಯನ್ನು ಇಳಿಸಿದಿರಿ. ಗೋಡೆ ಒರೆಸಿಲ್ಲ, ಒರೆಸುವುದೂ ಇಲ್ಲ.

ರೆಕಾರ್ಡು ಮಾರ್ಚಿನಲ್ಲಿ ಬರುತ್ತದಂತೆ. ಅಭಿನಂದನೆಗಳು. ಹಾಡುಗಳು ಚೆನ್ನಾಗಿವೆ, ಚೆನ್ನಾಗಿ ಬರೆದಿದ್ದೀರಿ.

ನಿಮ್ಮ ಬೆರಳಚ್ಚುಗಾರ್ತಿ


ಪರಾನಾ, ೨೨ ಮೇ ೧೯೭೮

ನನ್ನ ಬೆರಳಚ್ಚುಗಾರ್ತಿಗೆ,

ನಿನ್ನ ಸಿಟ್ಟು ಸರಿಯಾದದ್ದು. ಇಳಿಸಿಕೊಳ್ಳಬೇಡ. ಕ್ಷಮೆ ಕೇಳುವುದಿಲ್ಲ. ಮತ್ತೆ ಅಂಥದೇ ಮಧ್ಯಾಹ್ನ ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ, ನೀನು ಮತ್ತೆ ಬಯ್ಯಿ. ಇದನ್ನು ಅಂಚೆಗೇ ಹಾಕುತ್ತಿದ್ದೇನೆ. ಓದುವವರೆಲ್ಲ ಓದಿಕೊಳ್ಳಲಿ, ಬರೆದವಳು ನಾನೇ.

ಫುಟ್ಬಾಲ್ ನೋಡಲು ಹೊರದೇಶದವರು ಬರುತ್ತಾರೆಂದು ರಾಜಧಾನಿಯಲ್ಲಿ ಗೋಡೆಗಳಿಗೆಲ್ಲ ಬಣ್ಣ ಬಳಿಯುತ್ತಿದ್ದಾರಂತೆ. ನಮ್ಮಲ್ಲಿಗೆ ಬಣ್ಣ ಬಂದಿಲ್ಲ. ಕಳೆದ ಮಂಗಳವಾರ ಇಬ್ಬರು ಬಂದರು. ಒಬ್ಬ ನಡುವಯಸ್ಸಿನವನು, ಇನ್ನೊಬ್ಬ ನಿನ್ನಷ್ಟು ಚಿಕ್ಕವನು. ಕಾಲೊರಸಿನ ಮೇಲೆ ಬೂಟು ಒರೆಸಿಕೊಂಡು ಒಳಗೆ ಬಂದರು.

"ತೊಂದ್ರೆ ಕೊಟ್ಟಿದ್ದಕ್ಕೆ ಕ್ಷಮಿಸ್ಬೇಕು ಸೆನ್ಯೋರಾ. ನಿಮ್ಮ ಸಮಯ ಜಾಸ್ತಿ ತಗೊಳ್ಳಲ್ಲ."

ಇಷ್ಟು ಮರ್ಯಾದೆ ನಾನು ನನ್ನ ಪುಸ್ತಕದಲ್ಲೂ ಬರೆದಿರಲಿಲ್ಲ. ಮಾಟೆ ಚಹಾ ಕುಡಿಯುತ್ತೀರಾ ಎಂದೆ. ಬೇಡ, ನೀವು ಶ್ರಮ ತಗೋಬೇಡಿ ಎಂದರು. ದೊಡ್ಡವನು ರೆಕಾರ್ಡನ್ನು ಮೇಜಿನ ಮೇಲಿಟ್ಟ.

"ಈ ಹಾಡುಗಳು ನಿಮ್ಮವೇನಾ?"

"ನನ್ ಹೆಸ್ರು ಓದಕ್ಕೆ ಬರತ್ತಲ್ಲ?"

"ಬರತ್ತೆ. ಆದ್ರೆ ಈ ವಯಸ್ಸಲ್ಲಿ, ರಾಕು…" ಚಿಕ್ಕವನು ನಕ್ಕ. "ಯಾರಾದ್ರೂ ಹುಡುಗ್ರು ಬರ್ಕೊಟ್ರಾ? ಮೊಮ್ಮಕ್ಳು?"

"ಮಕ್ಳೇ ಇಲ್ಲ, ಮೊಮ್ಮಕ್ಳು ಎಲ್ಲಿಂದ ಬರ್ತಾರೆ?"

"ಹಂಗಾದ್ರೆ ಒಂದು ಹಾಡಿ ತೋರಿಸಿ ನೋಡೋಣ. ಬರೆದೋರಿಗೆ ಬಾಯಿಗೆ ಬರ್ಬೇಕಲ್ವಾ? ಕೊನೇದು ಹಾಡಿ. ದಯವಿಟ್ಟು."

ಪರೀಕ್ಷೆ ಮಾಡಲು ಕೇಳಿದ್ದು. ಮುದುಕಿ ತಡವರಿಸುತ್ತಾಳೆ ಎಂದುಕೊಂಡಿದ್ದರು. ನಾನು ಆ ಹಾಡನ್ನು ಪಾತ್ರೆ ತೊಳೆಯುವಾಗ, ಬಟ್ಟೆ ಹರವುವಾಗ, ಮಂಡಿಗೆ ಮುಲಾಮು ಹಚ್ಚುವಾಗ ಹಾಡಿದ್ದೇನೆ ಎಂದು ಅವರಿಗೇನು ಗೊತ್ತು. ಎದ್ದು ನಿಂತೆ. ಕುರ್ಚಿಯ ಬೆನ್ನು ಹಿಡಿದುಕೊಂಡೆ. ಇನ್ನೊಂದು ಅಂಗೈಯಿಂದ ಮೇಜಿನ ಮೇಲೆ ಏಳು ಮಾತ್ರೆ ಹಾಕಿದೆ. ಗೋಡೆ ನೋಡಿಕೊಂಡು ಹಾಡಲಿಲ್ಲ. ಅವರ ಮುಖ ನೋಡಿಕೊಂಡು ಹಾಡಿದೆ. 'ನೀನು ಕೇಳು, ಬಾಗಿಲ ಬಳಿ ನಿಂತವನೇ, ನಿನಗೇ ಹೇಳುತ್ತಿದ್ದೇನೆ ನೀನು ಕೇಳು.' ಪ್ರತಿ ಸಾಲಿನ ಕೊನೆಯಲ್ಲೂ ಅಂಗೈ ಮೇಜಿಗೆ ಬಡಿಯುತ್ತಿತ್ತು, ರೆಕಾರ್ಡು ಕುಪ್ಪಳಿಸುತ್ತಿತ್ತು. ಜನ್ಮವಿಡೀ ತಂತಿಯ ತುದಿಯಲ್ಲಿ ಯಾರ್‍ಯಾರನ್ನೋ 'ನೀವು' ಎಂದ ಸಿಟ್ಟೆಲ್ಲ ಅಂಗೈಗೆ ಇಳಿದಿತ್ತು. ಅವರೇ ಕೇಳಿದ್ದು, ದಯವಿಟ್ಟು ಎಂದು ಕೇಳಿದ್ದು. ನಡುವೆ ನಿಲ್ಲಿಸಿ ಎನ್ನಲು ಅವರ ಮರ್ಯಾದೆ ಅಡ್ಡ ಬಂತು.

ಕೊನೆಯ ಸಾಲಿಗೆ ಬಂದೆ. ಚಿಕ್ಕವನನ್ನೇ ನೋಡಿ ಹಾಡಿದೆ: ನೀನು, ನಿನ್ನಮ್ಮ ನಿನ್ನನ್ನು ಏನೆಂದು ಕರೆಯುತ್ತಿದ್ದಳು?

ಅವನು ಉತ್ತರ ಕೊಡಲು ಬಾಯಿ ತೆರೆದ.

ದೊಡ್ಡವನು ಎದ್ದ. "ಸಾಕು ಸೆನ್ಯೋರಾ. ತುಂಬಾ ಧನ್ಯವಾದ." ಚಿಕ್ಕವನ ತೋಳು ಹಿಡಿದು ಕರೆದುಕೊಂಡು ಹೋದ. ಹೊರಗಿನ ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡರು.

ನಂಬಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮತ್ತೆ ಬಂದರೆ ಮೊದಲ ಬದಿಯನ್ನೂ ಹಾಡುತ್ತೇನೆ, ಅದು ಉದ್ದವಿದೆ. ಒಂದು ದೂರು ಮಾತ್ರ ಇದೆ. ಕೊನೆಯ ಹಾಡಿನ ಮೂರನೆಯ ಸಾಲು ವಿಪರೀತ ಉದ್ದ. ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲ, ಇನ್ನೇನು ಅಲ್ಲೇ ಬೀಳುತ್ತಿದ್ದೆ. ಎದುರಿಗೆ ಮನುಷ್ಯರನ್ನು ನಿಲ್ಲಿಸಿಕೊಂಡು ಒಮ್ಮೆಯೂ ಬಾಯಿ ಬಿಡದವಳು ಬರೆದ ಸಾಲು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಬರೆದವಳು ನಾನೇ ಆದ್ದರಿಂದ ಯಾರನ್ನು ಬಯ್ಯಲಿ?

ಎರ್ಮಿನಿಯಾ